ಈ ಭಾನುವಾರ: ಮೈಸೂರು ರೈಲು ಮ್ಯೂಸಿಯಂ

ಎಲ್ಲರಿಗೂ ನಮಸ್ಕಾರ. ಹೆಸರು ಕೊಟ್ಟವರು ಭಾನುವಾರ ಬೆಳಗ್ಗೆ 10ಕ್ಕೆ ಮೈಸೂರಿನ ರೈಲು ಮ್ಯೂಸಿಯಂ ಗೇಟಿನ ಹತ್ತಿರ ಸೇರಿ.

ಈ ಸಲದ ಮಾತುಕತೆ ಹಳೆಯ ಬೆಂಗಳೂರು–ಮೈಸೂರು ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ರೈಲು ಮಾರ್ಗದ ಬಗ್ಗೆ. 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಸಿಗಲೆಂದು ಇದರ ಮಣ್ಣಿನ ಕೆಲಸ ಮಾಡಿಸಿದರು. 1881ರಲ್ಲಿ ಮೊದಲ ಹಂತ ತೆರೆಯಿತು, ಮರುವರ್ಷ ರೈಲು ಮೈಸೂರು ಮುಟ್ಟಿತು. 1886ರಲ್ಲಿ ಸದರ್ನ್ ಮರಾಠ ರೈಲ್ವೆ ಕಂಪನಿಯ ಕೈಗೆ ಹೋಯಿತು. ಫೋಟೊಗೆ ಮಹಾರಾಣಿಯವರ ಪ್ರಯಾಣಕ್ಕೆಂದೇ ಇದ್ದ ಸಲೂನ್ ಬೋಗಿ ಇದ್ದೇ ಇದೆ, ಆದರೆ ಮಣ್ಣು ಹೊತ್ತವರ ಕಥೆಯೇ ಜಾಸ್ತಿ ಮುಖ್ಯ ಅಲ್ವಾ?

ಟಿಕೆಟ್ ಅಲ್ಲೇ ತೆಗೆದುಕೊಳ್ಳಿ. ನೀರು, ಟೋಪಿ ತನ್ನಿ. ಹಳೆ ಎಂಜಿನ್‌ಗಳು ಬಯಲಲ್ಲಿವೆ. ಬೆಂಗಳೂರಿನಿಂದ ಕಾರಿನಲ್ಲಿ ಜಾಗ ಬೇಕಾದವರು ಶುಕ್ರವಾರ ಸಂಜೆಯೊಳಗೆ ತಿಳಿಸಿ. ಸುಮ್ನೆ ಹೆಬ್ಬೆರಳು ಒತ್ತಬೇಡಿ, ಎಷ್ಟು ಜನ ಅಂತ ಬರೆಯಿರಿ.