ಕೊನೆಗೂ ಯೋನಾ ಓದಿದೆ, ಮಾರಾಯ

ಪ್ರೀತಿಯ ಮಾರಾಯ,

ಓದು ಓದು ಅಂತ ನೀನು ಹಾಸ್ಟೆಲ್ ದಿನಗಳಿಂದ ಬೆನ್ನು ಹತ್ತಿದ್ದ 'ಯೋನಾ ಆಫ್ ದಿ ಡಾನ್' ಮಂಗಾವನ್ನು, ಅಂದರೆ ಜಪಾನಿನ ಚಿತ್ರಕಥೆಯನ್ನು, ಕೊನೆಗೂ ಹಿಡಿದೆ. ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ಮಂಗಾ ಅಂದರೆ ಮಕ್ಕಳ ಚಿತ್ರಪುಸ್ತಕ ಅನ್ನುವವರು ನಮ್ಮ ಬಳಗದಲ್ಲೇ ಜಾಸ್ತಿ. ಅವರೂ ಓದಲಿ ಅಂತ ಎಲ್ಲರೆದುರೇ ಬರೆಯುತ್ತಿದ್ದೇನೆ. ಹಲಸಿನಹಣ್ಣಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮಿಝುಹೋ ಕುಸಾನಾಗಿ ಇದನ್ನು 2009ರಲ್ಲಿ ಜಪಾನಿನ 'ಹಾನಾ ತೊ ಯುಮೆ' ಪತ್ರಿಕೆಯಲ್ಲಿ ಶುರು ಮಾಡಿದರು. ಕೋಕಾ ಅನ್ನುವ ರಾಜ್ಯ ಕಲ್ಪನೆಯದು, ಆದರೆ ಉಡುಪಿನಲ್ಲಿ, ಅರಮನೆಯಲ್ಲಿ ಹಳೆಯ ಕೊರಿಯಾ ಕಾಣುತ್ತದೆ. ಯೋನಾ ರಾಜನ ಒಬ್ಬಳೇ ಮಗಳು. ಅವಳಿಗೆ ದೊಡ್ಡಪ್ಪನ ಮಗ ಸೂ-ವೊನ್ ಮೇಲೆ ಪ್ರೀತಿ. (ನಮ್ಮಲ್ಲಾದರೆ ಅಣ್ಣ ಆಗುತ್ತಾನೆ, ಅಲ್ಲಿ ಹಾಗಲ್ಲ.) ಹದಿನಾರನೇ ಹುಟ್ಟುಹಬ್ಬದ ರಾತ್ರಿ ಅವನೇ ಅವಳ ಅಪ್ಪನನ್ನು ಕೊಲ್ಲುತ್ತಾನೆ. ಅಂಗರಕ್ಷಕ ಹಾಕ್ ಅವಳನ್ನು ಕರೆದುಕೊಂಡು ಓಡುತ್ತಾನೆ.

ಇಲ್ಲಿಂದ ಸೇಡಿನ ಕಥೆ ಅಂದುಕೊಂಡಿದ್ದೆ. ಅಲ್ಲ.

ಮೊದಲ ಪುಟಗಳಲ್ಲಿ ಯೋನಾಗೆ ತನ್ನ ಕೆಂಪು ಗುಂಗುರು ಕೂದಲಿನದೇ ಚಿಂತೆ. ಸೂ-ವೊನ್ ಅದನ್ನು ಮುಂಜಾವಿನ ಬಣ್ಣ ಅಂದಿದ್ದ. ಆಮೇಲೆ ಬೆಟ್ಟದಲ್ಲಿ ಹಾಕ್ ಸಾಯುವ ಸ್ಥಿತಿಯಲ್ಲಿದ್ದಾಗ ಶತ್ರು ಅವಳನ್ನು ಅದೇ ಕೂದಲಿನಿಂದ ಹಿಡಿದು ನಿಲ್ಲಿಸುತ್ತಾನೆ. ಅವಳು ಕತ್ತಿ ತೆಗೆದು ಕೂದಲನ್ನೇ ಕುಯ್ದು ಓಡುತ್ತಾಳೆ. ಆ ಪುಟ ಬಿಟ್ಟು ಮುಂದೆ ಹೋಗಲು ನನಗೆ ತುಂಬಾ ಹೊತ್ತು ಹಿಡಿಯಿತು.

ಅವಳು ಒಂದೇ ದಿನಕ್ಕೆ ವೀರಳಾಗುವುದಿಲ್ಲ, ನನಗೆ ಹಿಡಿಸಿದ್ದು ಅದೇ. ಅವಾ ಬಂದರಿನಲ್ಲಿ ಹೆಣ್ಣುಮಕ್ಕಳನ್ನು ಹಿಡಿದು ಮಾರುತ್ತಿರುತ್ತಾರೆ. ಅದನ್ನು ತಡೆಯಲು ಹೊರಟ ಕಡಲ್ಗಳ್ಳರ ನಾಯಕಿ ಗಿಗಾನ್, ನಮ್ಮ ಜೊತೆ ಸೇರಬೇಕಾದರೆ ಬಂಡೆಗೋಡೆಯಲ್ಲಿ ಬೆಳೆಯುವ ಗಿಡಮೂಲಿಕೆ ತಾ ಅನ್ನುತ್ತಾಳೆ. ಕೆಳಗೆ ಕಡಲು, ಕಾಲಿಡಲು ಗೇಣಗಲ ಜಾಗ. ಯೋನಾಗೆ ಕಾಲು ನಡುಗುತ್ತದೆ, ಆದರೂ ಇಂಚಿಂಚೇ ಸರಿಯುತ್ತಾಳೆ. ಹೆದರಿಕೆ ಹೋದ ಮೇಲೆ ಮಾಡಿದ ಕೆಲಸವಲ್ಲ ಅದು, ಹೆದರಿಕೊಂಡೇ ಮಾಡಿದ್ದು.

ಆದರೆ ನನ್ನನ್ನು ಕಾಡಿದ್ದು ಬಂಡೆಯೂ ಅಲ್ಲ, ಕತ್ತಿಯೂ ಅಲ್ಲ. ಅವಳ ಅಪ್ಪ. ರಾಜ ಇಲ್ ಒಳ್ಳೆಯವನು. ಆಯುಧ ಕಂಡರಾಗದು, ಯುದ್ಧ ಬೇಡವೇ ಬೇಡ, ಮಗಳ ಕೈಗೂ ಬಿಲ್ಲು ಕೊಡಲಿಲ್ಲ. ಅರಮನೆಯಲ್ಲಿ ನೆಮ್ಮದಿ. ಹೊರಗೆ ಅಗ್ನಿ ಬುಡಕಟ್ಟಿನ ಹಳ್ಳಿಗಳಲ್ಲಿ ಜನ ಹಸಿದು ಕೂತಿದ್ದಾರೆ, ಮೇಲೆ ತೆರಿಗೆ. ಅಪ್ಪನನ್ನು ಜನ ಬೈಯುವುದನ್ನು ಯೋನಾ ಕಿವಿಯಾರೆ ಕೇಳುತ್ತಾಳೆ. ಕೊಂದವನು ರಾಜ್ಯವನ್ನು ಚೆನ್ನಾಗಿಯೇ ಆಳುತ್ತಿದ್ದಾನೆ ಅನ್ನುವುದನ್ನೂ ನೋಡುತ್ತಾಳೆ. ಅಪ್ಪನ ಮೇಲಿನ ಪ್ರೀತಿಯನ್ನು ಬಿಡುವುದೂ ಇಲ್ಲ, ಕಂಡದ್ದನ್ನು ಕಾಣಲಿಲ್ಲ ಅನ್ನುವುದೂ ಇಲ್ಲ.

ಮಾರಾಯ, ಈ ಯುಗಾದಿಗೆ ಅಪ್ಪ ನನಗೆ ಟ್ರಂಕಿನ ಬೀಗದ ಕೈ ಕೊಟ್ಟರು. "ಇನ್ನು ನೀನೇ ನೋಡ್ಕೋ" ಅಂದರು, ಅಷ್ಟೇ. ಪಹಣಿ, ಪಾಸ್‌ಬುಕ್ ಇರುತ್ತವೆ ಅಂತ ಗೊತ್ತಿತ್ತು. ಅವುಗಳ ಕೆಳಗೆ ಸೊಸೈಟಿ ಸಾಲದ ಕಾಗದಗಳಿದ್ದವು. ತೋಟ ಅಡವಿಟ್ಟದ್ದು ನಾವು ಹಾಸ್ಟೆಲ್‌ನಲ್ಲಿದ್ದ ವರ್ಷಗಳಲ್ಲೇ. ನನ್ನ ಫೀಸಿಗೆ. ಆ ವರ್ಷಗಳಲ್ಲಿ ಅವರು ಒಂದು ದಿನವೂ ದನಿ ಎತ್ತಿ ಮಾತಾಡಿದ್ದು ನೆನಪಿಲ್ಲ. ನಮ್ಮ ಮನೆಯಲ್ಲಿ ಏನೂ ಕಷ್ಟ ಇಲ್ಲ ಅಂತಲೇ ನಾನು ಬೆಳೆದೆ. ಕೃತಜ್ಞತೆ ಬರಬೇಕಿತ್ತು, ಬಂತು. ಜೊತೆಗೆ ಸಿಟ್ಟೂ ಬಂತು. ನನಗೆ ಯಾಕೆ ಹೇಳಲಿಲ್ಲ? ಇದನ್ನು ಅವರ ಹತ್ತಿರ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಹೇಳಿಲ್ಲ, ಇಲ್ಲಿ ಬರೆದುಬಿಟ್ಟೆ ನೋಡು.

ಕಥೆಯಲ್ಲಿ ಡ್ರ್ಯಾಗನ್ ರಕ್ತ ಹೊತ್ತು ಹುಟ್ಟಿದ ಯೋಧರಿದ್ದಾರೆ, ಯೋನಾಳನ್ನು ಕಾಯುವುದು ಅವರ ಹಣೆಬರಹ. ಅವರಲ್ಲಿ ಹಸಿರು ಡ್ರ್ಯಾಗನ್ ಜೇ-ಹಾ ನನಗೆ ಹತ್ತಿರವಾದದ್ದು ಇದಕ್ಕೇ ಇರಬೇಕು. ಡ್ರ್ಯಾಗನ್ ಕಾಲು ಹೊತ್ತು ಹುಟ್ಟಿದ ತಪ್ಪಿಗೆ ಊರಿನವರು ಅವನನ್ನು ಚಿಕ್ಕಂದಿನಲ್ಲೇ ಸಂಕೋಲೆಯಲ್ಲಿ ಕಟ್ಟಿಹಾಕಿದ್ದರು. ತಪ್ಪಿಸಿಕೊಂಡು ಓಡಿದವನು. ಯೋನಾಳನ್ನು ಕಂಡ ಕೂಡಲೇ ರಕ್ತ ಅವಳ ಕಡೆ ಎಳೆಯುತ್ತದೆ, ಅವನು ಒಪ್ಪುವುದಿಲ್ಲ. ಅವಳು ಆ ಬಂಡೆಯ ಮೇಲೆ ಸರಿಯುವುದನ್ನು ಕಣ್ಣಾರೆ ನೋಡುತ್ತಾನೆ. ಕೊನೆಗೆ ಜೊತೆಗೆ ಹೊರಟಾಗ ಅದು ರಕ್ತದ ಕರೆಗಲ್ಲ, ತನ್ನ ಇಷ್ಟಕ್ಕೆ. ತೋಟ, ಸಾಲ, ಬೀಗದ ಕೈ ಎಲ್ಲವೂ ನನಗೆ ಹುಟ್ಟಿನಿಂದ ಬಂದದ್ದು. ಅದನ್ನು ನಾನೇ ಆರಿಸಿಕೊಂಡೆ ಅನ್ನುವ ದಿನ ಬರಬೇಕು ಅಂತ ಆಸೆ. ಸದ್ಯಕ್ಕೆ ದಿನಾ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋಗುತ್ತಿದ್ದೇನೆ.

ಸಾಕು, ಜಾಸ್ತಿಯಾಯಿತು. ಬಿಳಿ ಡ್ರ್ಯಾಗನ್ ಗಿಜಾ ಬಗ್ಗೆ ಹೇಳದೆ ಮುಗಿಸಿದರೆ ನೀನು ಬಿಡುವುದಿಲ್ಲ, ಅಲ್ವಾ? ಒಂದೇ ಏಟಿಗೆ ಸೈನ್ಯ ಕೆಡಹುವ ಕೈ, ಆದರೆ ಹುಳ ಕಂಡರೆ ಕಿರುಚಾಟ. ಓದುತ್ತಾ ಇರುವಾಗ ಮೆಸ್ಸಿನ ಆ ಮಿಡತೆ ರಾತ್ರಿ ನೆನಪಾಗಿ ಒಬ್ಬನೇ ನಕ್ಕೆ. ಅಮ್ಮ ಬಂದು ಏನಾಯ್ತೋ ಅಂತ ಕೇಳಿದರು. ನಿನ್ನ ಹೆಸರು ಹೇಳಿದೆ, ಅಷ್ಟಕ್ಕೇ ಅವರಿಗೂ ನಗು.

ಮುಂದಿನ ಸಂಪುಟಗಳು ನಿನ್ನ ಹತ್ತಿರವೇ ಇವೆ. ದೀಪಾವಳಿಗೆ ಬರುವಾಗ ಮರೆಯದೆ ತಾ. ಸೂ-ವೊನ್ ಪಕ್ಷ ವಹಿಸಿ ಜಗಳಕ್ಕೆ ಬರುವುದಾದರೆ ಎರಡು ದಿನ ಜಾಸ್ತಿ ರಜೆ ಹಾಕು.

ನಿನ್ನ
ಮಾರಾಯ