ಸಾಕಾಗಿದೆ ಎಂದೆಯಲ್ಲ, ಅದಕ್ಕೆ

ಪ್ರೀತಿಯ ಮಗಳೇ,

ಈ ಮಧುಮೇಹದ ಸೂಜಿ, ಶುಗರ್ ಅಳೆಯುವ ಸೆನ್ಸರ್, ಊಟಕ್ಕೆ ತಕ್ಕ ಇನ್ಸುಲಿನ್ನಿನ ಲೆಕ್ಕ ಎಲ್ಲವೂ ಸಾಕಾಗಿ ಹೋಗಿದೆ ಎಂದು ನೀನು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದೇ ಆಯಿತು. ಎದುರಿಗೆ ಕುಳಿತರೆ ನಾನು ಸಮಾಧಾನ ಹೇಳಲು ಹೊರಡುತ್ತೇನೆ, ನೀನು ಎದ್ದು ಹೋಗುತ್ತೀಯೆ. ಹಾಗಾಗಿ ಬರೆಯುತ್ತಿದ್ದೇನೆ.

ಸಿಹಿ ಹೆಚ್ಚು ತಿಂದದ್ದಕ್ಕೆ ಬಂತು ಎಂದು ನೆಂಟರು ಹೇಳುವುದು ನಿನ್ನ ಕಿವಿಗೂ ಬಿದ್ದಿದೆ. ಟೈಪ್ 1 ಮಧುಮೇಹ ಬರುವುದು ಹಾಗಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ಬಿದ್ದು ನಾಶಮಾಡುತ್ತದೆ. ಇದರಲ್ಲಿ ನಿನ್ನ ತಪ್ಪೂ ಇಲ್ಲ, ನಮ್ಮ ತಪ್ಪೂ ಇಲ್ಲ. ನೆಂಟರಿಗೆ ಪಾಠ ಹೇಳುವ ಕೆಲಸವನ್ನು ನನಗೆ ಬಿಡು. ನನಗೆ ಅದರಲ್ಲಿ ಸ್ವಲ್ಪ ಖುಷಿಯೂ ಇದೆ.

ಇನ್ನು ಶುಗರಿನ ಆ ಅಂಕಿಗಳು. 240 ಬಂದ ದಿನ ನಿನ್ನ ಮುಖ ಪರೀಕ್ಷೆಯಲ್ಲಿ ನಪಾಸಾದವರ ಮುಖದಂತಾಗುತ್ತದೆ. ನಿನ್ನೆ ತಿಂದಷ್ಟೇ ತಿಂದು, ನಿನ್ನೆ ತೆಗೆದುಕೊಂಡಷ್ಟೇ ಇನ್ಸುಲಿನ್ ತೆಗೆದುಕೊಂಡರೂ ಇಂದಿನ ಅಂಕಿ ಬೇರೆಯಾಗಬಹುದು. ನೆಗಡಿ, ನಿದ್ದೆಗೇಡು, ಆಟ, ಮನಸ್ಸಿನ ಆತಂಕ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಸಾಲದ್ದಕ್ಕೆ ನಿನಗೀಗ ಹದಿಮೂರು. ಈ ವಯಸ್ಸಿನ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡಗಾಲು ಹಾಕುತ್ತವೆ. ಆದ್ದರಿಂದ ಒಳ್ಳೆಯ ಅಂಕಿ, ಕೆಟ್ಟ ಅಂಕಿ ಎನ್ನುವುದನ್ನು ಮನೆಯಲ್ಲಿ ಎಲ್ಲರೂ ಬಿಟ್ಟುಬಿಡೋಣ. ಹೆಚ್ಚಿದೆ, ಕಡಿಮೆ ಇದೆ, ಅಷ್ಟೆ.

ಶುಗರ್ 70ಕ್ಕಿಂತ ಕೆಳಗಿಳಿದಾಗ ನೀನು ರೇಗುವುದು ನನಗೆ ಗೊತ್ತು. ಹಣೆಯಲ್ಲಿ ಬೆವರು ಒಡೆದಿರುತ್ತದೆ, ಕೈ ನಡುಗಿ ಜ್ಯೂಸಿನ ಸ್ಟ್ರಾ ತೂತಿಗೆ ಸಿಗುವುದಿಲ್ಲ, ನೆರವಿಗೆ ಬಂದ ಕೈಯನ್ನು ತಳ್ಳುತ್ತೀಯೆ. ಮಿದುಳಿಗೆ ಗ್ಲುಕೋಸ್ ಸಾಲದೆ, ಗಾಬರಿಯ ಹಾರ್ಮೋನಾದ ಅಡ್ರಿನಲಿನ್ ಉಕ್ಕಿದ ಹೊತ್ತು ಅದು. 15 ಗ್ರಾಂ ಸಕ್ಕರೆ, 15 ನಿಮಿಷ ಕಾಯುವುದು, ಮತ್ತೊಮ್ಮೆ ಪರೀಕ್ಷೆ. ಆ ನಡುವೆ ಆಡಿದ ಮಾತನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಆದರೆ ನಿನ್ನ ಸಿಟ್ಟೆಲ್ಲ ಶುಗರಿನದಲ್ಲ. ತಮ್ಮನ ಜೊತೆ ನ್ಯಾಯವಾಗಿಯೇ ಜಗಳವಾಡುತ್ತಿರುವಾಗ ‘ಮೊದಲು ಶುಗರ್ ನೋಡಿಕೋ’ ಎಂದರೆ ಮೈ ಉರಿಯದೆ ಇರುತ್ತದೆಯೇ? ನೋಡಿಕೋ, ಆಮೇಲೆ ಜಗಳ ಮುಂದುವರಿಸು.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಮಧುಮೇಹಕ್ಕೆ ಅದನ್ನು ಚುಚ್ಚಿಸಿಕೊಂಡವರಲ್ಲಿ ಅವನೇ ಮೊದಲಿಗ. ಅದಕ್ಕೆ ಮುಂಚೆ ಇಂಥ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯ ಬಿಟ್ಟರೆ ಹೆಚ್ಚೇನೂ ವೈದ್ಯರ ಕೈಯಲ್ಲಿರಲಿಲ್ಲ. ರಾತ್ರಿ ಸೆನ್ಸರ್ ಕೂಗಿದಾಗ ಏಳುವ ನನಗೆ ಇದು ಧೈರ್ಯ ಕೊಡುವ ಸಂಗತಿ. ಆದರೆ ಇನ್ಸುಲಿನ್ ಇದೆಯಲ್ಲ, ಮತ್ತೇಕೆ ಬೇಸರ ಎಂದು ನಿನ್ನ ಬಾಯಿ ಮುಚ್ಚಿಸಲಾರೆ. ರಜೆಯೇ ಇಲ್ಲದ ಕೆಲಸ ಯಾರನ್ನಾದರೂ ದಣಿಸುತ್ತದೆ. ಈ ದಣಿವಿಗೆ ವೈದ್ಯರು ಡಯಾಬಿಟಿಸ್ ಡಿಸ್ಟ್ರೆಸ್ ಎನ್ನುತ್ತಾರೆ, ಅದನ್ನು ಅಳೆಯಲು ಅವರ ಬಳಿ ಪ್ರಶ್ನಾವಳಿಗಳೇ ಇವೆ. ಇದೂ ಖಿನ್ನತೆಯೂ ಒಂದೇ ಅಲ್ಲ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅಥವಾ ಬೇಕೆಂದೇ ಇನ್ಸುಲಿನ್ ತಪ್ಪಿಸೋಣ ಎನಿಸಿದರೆ, ಆ ಕ್ಷಣವೇ ಬಂದು ಹೇಳು. ಬೈಯುವುದಿಲ್ಲ.

ದೊಡ್ಡವಳಾದೆ, ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕು ಎಂಬ ಆತುರವೂ ಬೇಡ. ರಾತ್ರಿಯೂಟದ ಲೆಕ್ಕವನ್ನು ಇನ್ನು ಮುಂದೆ ಅಪ್ಪನೋ ನಾನೋ ಮಾಡುತ್ತೇವೆ, ನೀನು ತೋಳು ಚಾಚಿದರೆ ಸಾಕು. ಮುಂದಿನ ಸಲ ವೈದ್ಯರ ಬಳಿ ಹೋದಾಗ ಮೊದಲು ನೀನೊಬ್ಬಳೇ ಒಳಗೆ ಹೋಗಿ ಮಾತನಾಡು. ಏನು ಮಾತಾಯಿತು ಎಂದು ನಾನು ಕೇಳುವುದಿಲ್ಲ. ಕೇಳದೆ ಇರುವುದು ನನಗೆ ಎಷ್ಟು ಕಷ್ಟ ಎಂಬುದು ನಿನಗೆ ಗೊತ್ತಿದ್ದೇ ಇದೆ.

ನಿನ್ನ
ಅಮ್ಮ