ಮೂಡಿಗೆರೆ ಬಸ್ಸಿಗೆ ಓಡಿದವರಿಗೆ

ಮೊನ್ನೆ ಸಂಜೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಮಳೆ ನಿಲ್ಲಲಿ ಅಂತ ನಿಂತಿದ್ದವರೊಬ್ಬರಿಗೆ ಈ ಬರಹ. ಹೆಸರು ಕೇಳಲಿಲ್ಲ, ನನ್ನದೇ ತಪ್ಪು.

ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಯಿತು. ಮಧ್ಯಾಹ್ನ ಕರೆಂಟ್ ಹೋದಾಗ ಫೈಲುಗಳನ್ನು ಬರೆಯೋಕೆ, ತಿದ್ದೋಕೆ ಬಳಸುವ ಇಮ್ಯಾಕ್ಸ್ ಪ್ರೋಗ್ರಾಂ ಸಮೇತ ಎಲ್ಲ ಆಫ್. ಆಮೇಲೆ ಯಾವಾಗ ತೆರೆದರೂ ಒಂದೇ ತಕರಾರು: ಡೆಸ್ಕ್‌ಟಾಪ್ ಫೈಲ್ (ಯಾವ್ಯಾವ ಫೈಲು ತೆರೆದಿದ್ದೆ ಅಂತ ಇಮ್ಯಾಕ್ಸ್ ಬರೆದಿಟ್ಟುಕೊಳ್ಳೋದು ಇದರಲ್ಲೇ) ಈಗಾಗಲೇ ಬಳಕೆಯಲ್ಲಿದೆಯಂತೆ, ಜೊತೆಗೊಂದು ಪಿಐಡಿ ನಂಬರ್, ಅಂದರೆ ಅದನ್ನು ಬಳಸುತ್ತಿರುವ ಪ್ರಕ್ರಿಯೆಯ (ಓಡುತ್ತಿರುವ ಪ್ರೋಗ್ರಾಮಿನ) ಗುರುತಿನ ಸಂಖ್ಯೆ. ಯಾರಪ್ಪಾ ಬಳಸುವವರು, ಮನೆಯಲ್ಲಿ ಇರೋದು ನಾನೊಬ್ಬಳೇ! ಹೊಸದಾಗಿ ಸೇವ್ ಮಾಡಿದರೆ ಹಳೆಯ 40 ಫೈಲುಗಳ ಜೋಡಣೆ ಅಳಿಸಿ ಹೋದೀತು ಅಂತ ಭಯ.

"ಮೇಡಂ, ನಾನು ಸ್ವಲ್ಪ ನೋಡ್ಲಾ?" ಅಂದರು. ಒದ್ದೆ ಕೈಯನ್ನು ಕರ್ಚೀಫಿಗೆ ಒರೆಸಿಕೊಂಡರು. ಆದರೂ ಕೀಬೋರ್ಡ್ ಮುಟ್ಟಲಿಲ್ಲ, ನನ್ನ ಕೈಲೇ ಟೈಪ್ ಮಾಡಿಸಿದರು. ಆ ನಂಬರಿನ ಪ್ರಕ್ರಿಯೆ ಓಡುತ್ತಿಲ್ಲ ಅಂತ ಮೊದಲು ತೋರಿಸಿದರು. ಆಮೇಲೆ ಡೆಸ್ಕ್‌ಟಾಪ್ ಫೈಲಿಗೊಂದು ನಕಲು. ಕೊನೆಗೆ, ಅದರ ಪಕ್ಕ ಅಡಗಿ ಕೂತಿದ್ದ, 'ಬಳಕೆಯಲ್ಲಿದೆ' ಅಂತ ಬೀಗದಂತೆ ಗುರುತು ಹಾಕುವ ಲಾಕ್ ಫೈಲನ್ನು ಮಾತ್ರ ಅಳಿಸಿಸಿದರು. "ಕರೆಂಟ್ ಹೋದಾಗ ಬೀಗ ತೆಗೆಯೋಕೆ ಇಮ್ಯಾಕ್ಸಿಗೆ ಪುರುಸೊತ್ತು ಸಿಗಲಿಲ್ಲ, ಅಷ್ಟೇ."

ತೆರೆದೆ. ನಲವತ್ತೂ ಬಂದವು. ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರೇ ಬಂತು. ತಲೆಯೆತ್ತಿ ಕಾಫಿಗೆ ಕರೆಯೋಣ ಅಂದರೆ, ಅವರು ತಲೆ ಮೇಲೆ ಫೈಲ್ ಹಿಡಿದು ಮೂಡಿಗೆರೆ ಬಸ್ಸಿಗೆ ಓಡುತ್ತಿದ್ದರು. ಆ ಕಾಫಿ ಬಾಕಿ ಇದೆ ಸಾರ್.